ಮಗುವಿನ ಕೈಗೆ ಮಣ್ಣು ಅಂಟಲಿ



‘ಪ್ರಾಜೆಕ್ಟು’ ಎಂಬ ಶಬ್ದವು ಇಂದು ಮಕ್ಕಳಿಗಿಂತ ಹೆಚ್ಚಾಗಿ ತಂದೆತಾಯಿಗಳನ್ನು ಹೆದರಿಸುತ್ತಿದೆ. ರೂಪಣಾತ್ಮಕ ಮೌಲ್ಯಮಾಪನದ ದಿನಗಳು ಹತ್ತಿರ ಬಂದವೆಂದರೆ ಸ್ಟೇಷನರಿ ಅಂಗಡಿಗಳಲ್ಲಿ ಚಾರ್ಟು, ಗೋಂದು, ಮಿಂಚುವ ಕಾಗದ, ಅಚ್ಚಾದ ಚಿತ್ರಗಳ ಹಾಳೆಗಳ ವ್ಯಾಪಾರ ಜೋರಾಗುತ್ತದೆ. ರಾತ್ರಿ ಊಟವಾದ ಮೇಲೆ ತಂದೆ ಕತ್ತರಿಸುತ್ತಾನೆ, ತಾಯಿ ಅಂಟಿಸುತ್ತಾಳೆ, ಕಾಲೇಜಿಗೆ ಹೋಗುವ ಅಕ್ಕ ದುಂಡಕ್ಷರದಲ್ಲಿ ಶೀರ್ಷಿಕೆ ಬರೆಯುತ್ತಾಳೆ. ಯಾರ ಹೆಸರಿನಲ್ಲಿ ಈ ಕೆಲಸವೆಲ್ಲ ನಡೆದಿದೆಯೋ ಆ ಮಗು ಅಷ್ಟು ಹೊತ್ತಿಗೆ ನಿದ್ದೆ ಹೋಗಿರುತ್ತದೆ. ಮರುದಿನ ಅದಕ್ಕೆ ಒಳ್ಳೆಯ ಅಂಕ ಬೀಳುತ್ತದೆ. ಮನೆಯಲ್ಲಿ ಮಾಡಿಕೊಡುವವರಿಲ್ಲದ ಮಗು, ಅಂದರೆ ಕಬ್ಬು ಕಡಿಯಲು ಹೋದವರ ಅಥವಾ ಮಗ್ಗದಲ್ಲಿ ರಾತ್ರಿ ಪಾಳಿ ಮಾಡುವವರ ಮಗು, ತಾನೇ ಬಿಡಿಸಿದ ಸೊಟ್ಟ ಚಿತ್ರವನ್ನು ಬೆನ್ನ ಹಿಂದೆ ಅಡಗಿಸಿಕೊಂಡು ನಿಲ್ಲುತ್ತದೆ. ಆ ಸಾಲಿನಲ್ಲಿ ನಿಜವಾಗಿ ಪ್ರಾಜೆಕ್ಟು ಮಾಡಿದ ಮಗು ಅದೊಂದೇ ಆಗಿರುವುದೂ ಉಂಟು.

ನಿವೃತ್ತನಾದ ಮೇಲೂ ಶಾಲಾ ಪ್ರದರ್ಶನಗಳಿಗೆ ನನ್ನನ್ನು ಕರೆಯುವ ಅಭಿಮಾನಿಗಳಿದ್ದಾರೆ. ಹಾಗೆ ಹೋದಲ್ಲೆಲ್ಲ ಇದನ್ನೇ ನೋಡಿ ನನ್ನ ಮನಸ್ಸಿನಲ್ಲಿ ಗಟ್ಟಿಯಾದ ಒಂದು ಅಭಿಪ್ರಾಯವನ್ನು ಇಲ್ಲಿ ಬರೆಯುತ್ತಿದ್ದೇನೆ. ಐದರಿಂದ ಏಳನೆಯ ತರಗತಿಯವರೆಗಿನ ಮಕ್ಕಳ ಕಲಾ ಪ್ರಾಜೆಕ್ಟು ಶಾಲೆಯಲ್ಲಿಯೇ ಆಗಬೇಕು. ಮಗುವಿನ ಕೈಯಿಂದಲೇ ಆಗಬೇಕು. ಊರಿನಲ್ಲಿ ಸಿಗುವ ಸಾಮಾನಿನಿಂದ ಆಗಬೇಕು. ಮನೆಗೆ ಕೊಟ್ಟು ಕಳಿಸಿದ ಪ್ರಾಜೆಕ್ಟು ಮಗುವಿನ ಕಲಿಕೆಯನ್ನು ಅಳೆಯುವುದಿಲ್ಲ, ಮನೆಯವರ ಬಿಡುವನ್ನೂ ಹಣವನ್ನೂ ಅಳೆಯುತ್ತದೆ.

ಹತ್ತರಿಂದ ಹದಿಮೂರು ವರ್ಷದ ಈ ವಯಸ್ಸನ್ನೇ ಏಕೆ ಎತ್ತಿ ಹೇಳುತ್ತಿದ್ದೇನೆ ಎಂಬುದಕ್ಕೆ ಕಾರಣವಿದೆ. ಒಂದನೆಯ ತರಗತಿಯ ಮಗುವಿಗೆ ಸುಣ್ಣದ ಕಡ್ಡಿ ಕೊಟ್ಟರೆ ಸಾಕು, ನೆಲ, ಗೋಡೆ, ಪಾಟಿ ಎಲ್ಲವನ್ನೂ ತುಂಬಿಬಿಡುತ್ತದೆ. ತಾನು ಬರೆದದ್ದು ಆನೆ ಎಂದರೆ ಅದು ಆನೆಯೇ. ಅದೇ ಮಗು ಐದನೆಯ ತರಗತಿಗೆ ಬರುವಷ್ಟರಲ್ಲಿ ಪಕ್ಕದವರ ಹಾಳೆಯನ್ನು ನೋಡಲು ಕಲಿಯುತ್ತದೆ. ಆನೆ ಹಾಗೆ ಇರುವುದಿಲ್ಲ ಎಂಬುದು ಅದಕ್ಕೆ ತಿಳಿಯುತ್ತದೆ, ಆದರೆ ಇರುವಂತೆ ಬರೆಯಲು ಕೈ ಇನ್ನೂ ಬಗ್ಗಿರುವುದಿಲ್ಲ. ಮಕ್ಕಳ ಚಿತ್ರಗಳ ಬೆಳವಣಿಗೆಯನ್ನು ಅಭ್ಯಾಸ ಮಾಡಿ 1947ರಲ್ಲಿ ಪ್ರಸಿದ್ಧ ಗ್ರಂಥವೊಂದನ್ನು ಬರೆದ ವಿಕ್ಟರ್ ಲೋವೆನ್‌ಫೆಲ್ಡ್ ಎಂಬ ವಿದ್ವಾಂಸರು, ಸುಮಾರು ಒಂಬತ್ತರಿಂದ ಹನ್ನೆರಡು ವರ್ಷದ ನಡುವಿನ ಈ ಘಟ್ಟವನ್ನು ವಾಸ್ತವದ ಅರಿವು ಮೂಡುವ ಕಾಲವೆಂದು ಗುರುತಿಸಿದ್ದಾರೆ. ಮಗುವಿನ ಕಣ್ಣು ಮುಂದೆ ಓಡುತ್ತದೆ, ಕೈ ಹಿಂದೆ ಉಳಿಯುತ್ತದೆ. ಈ ಅಂತರದಲ್ಲಿಯೇ ನಾಚಿಕೆ ಹುಟ್ಟುತ್ತದೆ.

“ಸರ್, ನನಗ ಚಿತ್ರಾ ತಗಿಯಾಕ ಬರಂಗಿಲ್ರಿ.” ಈ ಮಾತನ್ನು ನಾನು ಒಂದನೆಯ ತರಗತಿಯಲ್ಲಿ ಕೇಳಿದ್ದಿಲ್ಲ, ಆರನೆಯ ತರಗತಿಯಲ್ಲಿ ಪ್ರತಿ ವರ್ಷವೂ ಕೇಳಿದ್ದೇನೆ. ಆ ಹೊತ್ತಿನಲ್ಲಿ ನಾವು ಮಗುವಿನ ಕೈಗೆ ಕೆಲಸ ಕೊಟ್ಟರೆ ಕೈಯು ಕಣ್ಣನ್ನು ಹಿಂಬಾಲಿಸುತ್ತದೆ. ಸಿದ್ಧ ಸಾಮಾನು ಕೊಟ್ಟರೆ, ಅಥವಾ ಅದರ ಬದಲು ನಾವೇ ಮಾಡಿಕೊಟ್ಟರೆ, ತನಗೆ ಬರುವುದಿಲ್ಲವೆಂಬ ಅದರ ನಂಬಿಕೆಗೆ ನಾವೇ ಮುದ್ರೆ ಒತ್ತಿದಂತಾಗುತ್ತದೆ. ಹಾಗೆ ಮುದ್ರೆ ಬಿದ್ದ ಮಕ್ಕಳು ದೊಡ್ಡವರಾದ ಮೇಲೆಯೂ ಪೆನ್ಸಿಲು ಹಿಡಿಯುವುದಿಲ್ಲ. ಒಂದು ಕಪಾಟನ್ನು ಮಾಡಿಸಬೇಕಾದರೂ ಬಡಿಗೇರನ ಮುಂದೆ ಕಾಗದದ ಮೇಲೆ ಎರಡು ಗೆರೆ ಎಳೆದು ತೋರಿಸಲು ಹಿಂಜರಿಯುತ್ತಾರೆ.

ಇನ್ನೊಂದು ಸಂಗತಿ. ‘ನಿಮಗೆ ತಿಳಿದ ಒಂದು ದೃಶ್ಯವನ್ನು ಬರೆಯಿರಿ’ ಎಂದರೆ ನಮ್ಮ ಮಕ್ಕಳು ಏನು ಬರೆಯುತ್ತಾರೆಂಬುದು ನಿಮಗೆಲ್ಲ ಗೊತ್ತು. ಎರಡು ಮುಮ್ಮೂಲೆ ಗುಡ್ಡ, ನಡುವೆ ಹುಟ್ಟುವ ಸೂರ್ಯ, ಗುಡ್ಡದಿಂದ ಇಳಿದು ಬರುವ ನದಿ, ಒಂದು ಗುಡಿಸಲು, ಅದರ ಬದಿಗೆ ತೆಂಗಿನ ಮರ, ಆಕಾಶದಲ್ಲಿ ನಾಲ್ಕಾರು ಹಕ್ಕಿ. ನೀವೂ ಇದನ್ನೇ ಬರೆದವರು! ಇದು ತುಬಚಿಯ ದೃಶ್ಯವೇ? ನಮ್ಮದು ಕೃಷ್ಣೆಯ ದಡದ ಎರಿ ಭೂಮಿ. ಕಣ್ಣು ಹಾಯಿಸಿದಲ್ಲೆಲ್ಲ ಕಬ್ಬು, ಕಬ್ಬು ಹೇರಿದ ಟ್ರ್ಯಾಕ್ಟರು, ಬದುವಿನ ಮೇಲೆ ಜಾಲಿ, ಮಾಳಿಗೆ ಮನೆ, ಮಳೆಗಾಲದಲ್ಲಿ ಕೆಂಪಾಗಿ ಉಬ್ಬುವ ಹೊಳೆ. ಇವುಗಳಲ್ಲಿ ಒಂದೂ ಆ ಹಾಳೆಯಲ್ಲಿ ಇರುವುದಿಲ್ಲ. ಮಗುವು ಎಂದೋ ಯಾರೋ ಹಲಗೆಯ ಮೇಲೆ ತೆಗೆದ ಮಾದರಿಯನ್ನು ಬರೆಯುತ್ತದೆಯೇ ಹೊರತು ತಾನು ಕಂಡದ್ದನ್ನು ಬರೆಯುವುದಿಲ್ಲ. ಆದ್ದರಿಂದ ಕಲಾ ಪ್ರಾಜೆಕ್ಟಿನ ಮೊದಲ ನಿಯಮವೆಂದರೆ ಶಿಕ್ಷಕನು ಹಲಗೆಯ ಮೇಲೆ ಮಾದರಿ ಬರೆಯಬಾರದು. ಬರೆದರೆ ನಲವತ್ತು ಮಕ್ಕಳಿಂದ ಅದೇ ಚಿತ್ರದ ನಲವತ್ತು ನಕಲುಗಳು ಬರುತ್ತವೆ.

ಹಾಗಾದರೆ ಏನು ಮಾಡಿಸಬೇಕು? ನಮ್ಮ ಭಾಗದಲ್ಲಿ ಇದಕ್ಕಾಗಿ ಹೊರಗೆ ಹುಡುಕಬೇಕಾಗಿಲ್ಲ. ಶಾಲೆ ಆರಂಭವಾಗಿ ಕೆಲವು ವಾರಗಳಲ್ಲಿಯೇ ಜ್ಯೇಷ್ಠ ಮಾಸದ ಕೊನೆಗೆ ಮಣ್ಣೆತ್ತಿನ ಅಮಾವಾಸ್ಯೆ ಬರುತ್ತದೆ. ವರ್ಷದ ಮೊದಲ ಕಲಾ ಪ್ರಾಜೆಕ್ಟು ಅದೇ ಆಗಲಿ. ಈಗ ಅಚ್ಚಿನಲ್ಲಿ ಒತ್ತಿ ಬಣ್ಣ ಬಳಿದ ಎತ್ತಿನ ಜೋಡಿಗಳು ಸಂತೆಯಲ್ಲಿ ಸಿಗುತ್ತವೆ. ಕೊಂಡು ತಂದು ಪೂಜಿಸಿದರೆ ಹಬ್ಬವೇನೋ ಆಗುತ್ತದೆ, ಆದರೆ ಮಗುವಿಗೆ ಅದರಿಂದ ಕಲಿಕೆಯಾಗುವುದಿಲ್ಲ.

ಐದನೆಯ ತರಗತಿಯ ಮಗುವೊಂದು ಮಣ್ಣಿನ ಎತ್ತು ಮಾಡುವುದನ್ನು ಗಮನವಿಟ್ಟು ನೋಡಿರಿ. ನಮ್ಮ ಎರಿ ಮಣ್ಣು ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಬಿರಿಯುತ್ತದೆ. ಬೇಸಿಗೆಯಲ್ಲಿ ಹೊಲದಲ್ಲಿ ಕಾಲು ಸಿಕ್ಕಿಕೊಳ್ಳುವಷ್ಟು ದೊಡ್ಡ ಬಿರುಕು ಬಿಡುವ ಮಣ್ಣು ಇದೇ. ಅದನ್ನೇ ಕಲಸಿ ಎತ್ತು ಮಾಡಿ ಬಿಸಿಲಿಗಿಟ್ಟ ಮಗುವಿನ ಎತ್ತು ಸಂಜೆಯಷ್ಟರಲ್ಲಿ ಸೀಳುತ್ತದೆ. ಪಕ್ಕದ ಮಗು ಸ್ವಲ್ಪ ಉಸುಕನ್ನೋ, ಸಣ್ಣಗೆ ಕತ್ತರಿಸಿದ ಹೊಟ್ಟನ್ನೋ ಬೆರೆಸಿ ನೆರಳಿನಲ್ಲಿ ಒಣಗಿಸಿದ್ದರೆ ಅದರ ಎತ್ತು ಉಳಿಯುತ್ತದೆ. ಏಕೆ ಹೀಗಾಯಿತು ಎಂದು ಕೇಳಿದರೆ ಅಲ್ಲಿಯೇ ವಿಜ್ಞಾನದ ಪಾಠ ಹುಟ್ಟುತ್ತದೆ.

ಆಮೇಲೆ ಬರುವುದು ಕಾಲಿನ ಪ್ರಶ್ನೆ. “ಸರ್, ಎತ್ತಿನ ಕಾಲ ನಿಂದ್ರವಲ್ವು ನೋಡ್ರಿ” ಎಂದು ಮಗು ಬಂದಾಗ ನಾನು ಉತ್ತರ ಹೇಳುತ್ತಿರಲಿಲ್ಲ. ಹೊರಗೆ ಕಟ್ಟಿದ ಎತ್ತನ್ನು ನೋಡಿ ಬರಲು ಕಳಿಸುತ್ತಿದ್ದೆ. ಮೈಭಾರ ಹೆಚ್ಚಾಗಿದೆಯೇ, ಕಾಲು ಸಣ್ಣದಾಗಿದೆಯೇ, ನಾಲ್ಕು ಕಾಲುಗಳ ನಡುವೆ ಎಷ್ಟು ಅಂತರವಿರಬೇಕು ಎಂಬುದನ್ನು ಮಗುವೇ ನೋಡಿಕೊಂಡು ಬರುತ್ತಿತ್ತು. ಕೆಲವರು ಕಾಲನ್ನು ದಪ್ಪ ಮಾಡುತ್ತಿದ್ದರು, ಕೆಲವರು ಒಳಗೆ ಜೋಳದ ದಂಟಿನ ಕಡ್ಡಿ ಇಡುತ್ತಿದ್ದರು, ಒಬ್ಬಿಬ್ಬರು ಕಾಲು ಮಡಿಸಿ ಮಲಗಿದ ಎತ್ತನ್ನೇ ಮಾಡಿ ಕಷ್ಟದಿಂದ ಪಾರಾಗುತ್ತಿದ್ದರು. ಮಲಗಿದ ಎತ್ತಿಗೆ ನಾನು ಸಂತೋಷದಿಂದಲೇ ಪೂರ್ಣ ಅಂಕ ಕೊಟ್ಟಿದ್ದೇನೆ.

ಕಾಲು ಮುರಿದ ಎತ್ತಿಗೂ ನಮ್ಮ ಪದ್ಧತಿಯಲ್ಲಿ ಸ್ಥಾನವಿದೆ. ಅಮಾವಾಸ್ಯೆಯ ಮರುದಿನ ಮಕ್ಕಳು ಕುಂಟೆತ್ತನ್ನು ಹಿಡಿದು ಹಾಡು ಹೇಳುತ್ತ ಮನೆಮನೆಗೆ ಹೋಗಿ ಜೋಳ ಕೇಳುವ ರೂಢಿ ನಿಮಗೆ ನೆನಪಿರಬೇಕು. ಮುರಿದದ್ದನ್ನು ಬಿಸಾಡದೆ ಅದಕ್ಕೂ ಒಂದು ಆಟವನ್ನು ಕಟ್ಟಿದ ಹಿರಿಯರು ಶಿಕ್ಷಣಶಾಸ್ತ್ರವನ್ನು ಓದಿದವರಲ್ಲ. ಆದರೂ ಕೆಟ್ಟುಹೋದ ಕೆಲಸದ ಮುಂದೆ ಮಗುವನ್ನು ಅಳಲು ಬಿಡಬಾರದೆಂಬುದು ಅವರಿಗೆ ತಿಳಿದಿತ್ತು.

ಮಣ್ಣಿನ ಕೆಲಸ ಅಲ್ಲಿಗೇ ಮುಗಿಯುವುದಿಲ್ಲ. ಆಷಾಢದ ಮಂಗಳವಾರಗಳಲ್ಲಿ ಹೆಣ್ಣುಮಕ್ಕಳು ಗುಳ್ಳವ್ವನನ್ನು ಮಾಡುತ್ತಾರೆ. ಶ್ರಾವಣದಲ್ಲಿ ಪಂಚಮಿಯ ನಾಗಪ್ಪ, ಭಾದ್ರಪದದಲ್ಲಿ ಗಣಪತಿ ಮತ್ತು ಜೋಕುಮಾರ, ದೀಪಾವಳಿಯಲ್ಲಿ ಸಗಣಿಯ ಪಾಂಡವರು. ಮೊಹರಮ್ಮಿನ ತಾಬೂತಿಗೆ ಬಿದಿರು ಸೀಳಿ, ಬಣ್ಣದ ಕಾಗದವನ್ನು ಮಡಿಸಿ ಕತ್ತರಿಸುವ ಕೈಚಳಕವು ಕಾಗದದ ಕೆಲಸಕ್ಕೆ ಅತ್ಯುತ್ತಮ ಪಾಠ. ನಮ್ಮ ಭಾಗದಲ್ಲಿ ಮೊಹರಮ್ಮನ್ನು ಎಲ್ಲ ಜಾತಿಯವರೂ ಕೂಡಿಯೇ ಆಚರಿಸುತ್ತ ಬಂದಿದ್ದಾರೆ. ಶಾಲೆಯಲ್ಲಿ ಪೂಜೆ ನಡೆಯಬೇಕೆಂದು ನಾನು ಹೇಳುತ್ತಿಲ್ಲ. ಪೂಜೆ ಮನೆಗೆ ಸೇರಿದ್ದು. ಆಯಾ ಕಾಲದಲ್ಲಿ ಊರೆಲ್ಲ ಮಾಡುವ ಕೈಕೆಲಸವನ್ನು ಶಾಲೆಯೂ ಪಾಠವಾಗಿ ತೆಗೆದುಕೊಳ್ಳಲಿ ಎಂಬುದಷ್ಟೇ ನನ್ನ ಮಾತು.

ಬಣ್ಣದ ವಿಷಯಕ್ಕೆ ಬರೋಣ. ಬಣ್ಣದ ಡಬ್ಬಿ ಕೊಳ್ಳಲಾರದ ಮಗು ಹಿಂದೆ ಬೀಳುತ್ತದೆ ಎಂಬುದು ನಿಜವಾದ ಕಷ್ಟ. ಆದರೆ ಕೆಮ್ಮಣ್ಣು, ಗೋಡೆಗೆ ಬಳಿಯುವ ಸುಣ್ಣ, ಅರಿಶಿಣ, ಇದ್ದಿಲು, ಕುಸುಬಿಯ ಹೂವು ನಮ್ಮಲ್ಲಿ ಯಾರ ಮನೆಯಲ್ಲಿ ಇಲ್ಲ? ಜಾಲಿಯ ಅಂಟನ್ನು ರಾತ್ರಿ ನೀರಿನಲ್ಲಿ ನೆನೆಹಾಕಿದರೆ ಬೆಳಿಗ್ಗೆ ಬಣ್ಣವನ್ನು ಕಾಗದಕ್ಕೆ ಹಿಡಿಸುವ ಗೋಂದು ಸಿದ್ಧ. ಕುಸುಬಿಯ ಎಸಳನ್ನು ನೆನೆಸಿದರೆ ಹಳದಿ ನೀರು ಬಿಡುತ್ತದೆ. ಅರಿಶಿಣಕ್ಕೆ ಸುಣ್ಣದ ತಿಳಿನೀರು ಸೋಕಿಸಿದ ಕೂಡಲೇ ಅದು ಕೆಂಪಾಗುವುದನ್ನು ಕಂಡು ಕೂಗಿಕೊಳ್ಳದ ಮಗುವನ್ನು ನಾನು ನೋಡಿಲ್ಲ. (ಸುಣ್ಣವನ್ನು ಮಾತ್ರ ಶಿಕ್ಷಕರೇ ಮುಟ್ಟಬೇಕು, ಮಕ್ಕಳ ಕಣ್ಣಿಗೆ ಅದು ಅಪಾಯ.) ಅರಿಶಿಣದ ಬಣ್ಣ ಬಿಸಿಲಿಗೆ ಬೇಗ ಮಾಸುತ್ತದೆ, ಕೆಮ್ಮಣ್ಣು ಮಾಸುವುದಿಲ್ಲ. ಎರಡನ್ನೂ ಕಿಟಕಿಯ ಬಳಿ ತೂಗುಹಾಕಿ ತಿಂಗಳೊಪ್ಪತ್ತು ಬಿಟ್ಟು ನೋಡುವುದೇ ಇನ್ನೊಂದು ಪ್ರಾಜೆಕ್ಟು.

ಇದು ಬಡವರ ಪಾಲಿನ ಕೀಳು ಬಣ್ಣವೆಂದು ಯಾರೂ ತಿಳಿಯಬಾರದು. 1938ರಲ್ಲಿ ಗುಜರಾತಿನ ಹರಿಪುರದಲ್ಲಿ ಕಾಂಗ್ರೆಸ್ ಅಧಿವೇಶನ ಸೇರಿದಾಗ, ಗಾಂಧೀಜಿಯವರ ಅಪೇಕ್ಷೆಯಂತೆ ಶಾಂತಿನಿಕೇತನದ ನಂದಲಾಲ ಬೋಸರು ಅಲ್ಲಿಯ ಮಂಟಪಗಳಿಗೆ ಚಿತ್ರ ಬರೆದರು. ಕೈಕಾಗದದ ಮೇಲೆ ಮಣ್ಣಿನ ಬಣ್ಣಗಳಲ್ಲಿ ಬರೆದ ಆ ಚಿತ್ರಗಳಲ್ಲಿ ಇದ್ದವರು ರೈತರು, ಬಡಿಗರು, ವಾದ್ಯ ನುಡಿಸುವವರು, ಮನೆಗೆಲಸದಲ್ಲಿ ತೊಡಗಿದ ಹೆಂಗಸರು. ಇಂದು ಅವನ್ನು ದೇಶದ ಕಲಾಸಂಪತ್ತೆಂದು ಕಾಪಾಡಲಾಗಿದೆ. ದೇಶದ ಹಿರಿಯ ಕಲಾವಿದನಿಗೆ ಸಾಲುವ ಬಣ್ಣ ನಮ್ಮ ಆರನೆಯ ತರಗತಿಗೆ ಸಾಲದೆ?

ಮೂರನೆಯದು ನೂಲಿನ ಕೆಲಸ. ನಮ್ಮ ಜಿಲ್ಲೆಯ ಇಳಕಲ್ಲು ಸೀರೆಯ ಮೇಲೆ ಹಾಕುವ ಕಸೂತಿಯನ್ನು ನಿಮ್ಮ ಅಜ್ಜಿಯರ ಪೆಟ್ಟಿಗೆಯಲ್ಲಿ ನೋಡಿದ್ದೀರಿ. ಗವಂತಿ, ಮುರಗಿ, ನೇಯ್ಗಿ, ಮೆಂತೆ ಎಂದು ಅದರಲ್ಲಿ ನಾಲ್ಕು ಬಗೆಯ ಹೊಲಿಗೆಗಳಿವೆ. ಬಟ್ಟೆಯ ಮೇಲೆ ಮೊದಲು ಚಿತ್ರ ಬರೆದುಕೊಳ್ಳುವಂತಿಲ್ಲ, ಎಳೆಗಳನ್ನು ಎಣಿಸಿಯೇ ಸೂಜಿ ಹಾಕಬೇಕು. ಗವಂತಿ ಮತ್ತು ಮುರಗಿಯಲ್ಲಿ ಬಟ್ಟೆಯ ಎರಡೂ ಮಗ್ಗುಲು ಒಂದೇ ತೆರನಾಗಿ ಕಾಣಬೇಕು. ಇದರಲ್ಲಿ ಅಡಗಿರುವ ಗಣಿತವನ್ನು ವಿವರಿಸಬೇಕಾಗಿಲ್ಲ. ಗಣಿತದ ಚೌಕುಳಿ ನೋಟುಬುಕ್ಕಿನ ಹಾಳೆಯ ಮೇಲೆ ಗೋಪುರ, ತುಳಸಿಕಟ್ಟೆ, ತೇರು, ನವಿಲುಗಳನ್ನು ಮನೆಗಳನ್ನೆಣಿಸಿ ಬಿಡಿಸಿದ ಮಗುವಿಗೆ ಸಮಮಿತಿ ಎಂದರೇನೆಂದು ಬೇರೆ ಹೇಳಬೇಕೆ? ಹುಡುಗರಿಗೂ ಇದನ್ನು ಕಲಿಸಬೇಕೆಂದು ನಾನು ಹಟ ಹಿಡಿಯುತ್ತಿದ್ದೆ. ಮೊದಲು ನಕ್ಕವರೇ ಆಮೇಲೆ ಮುರಗಿಯಲ್ಲಿ ಗಟ್ಟಿಗರಾದರು. ರಬಕವಿ-ಬನಹಟ್ಟಿಯ ಮಗ್ಗಗಳಲ್ಲಿ ತಲೆಮಾರುಗಳಿಂದ ಗಂಡಸರೂ ಹೆಂಗಸರೂ ಕೂಡಿಯೇ ನೂಲಿನಿಂದ ಬದುಕು ಕಟ್ಟಿಕೊಂಡಿರುವಾಗ ಹುಡುಗರಿಗೆ ಸೂಜಿ ಹಿಡಿಯಲು ನಾಚಿಕೆ ಏಕೆ?

ನಾಲ್ಕನೆಯದು ನೋಡುವ ಕೆಲಸ. ಪ್ರವಾಸಕ್ಕೆಂದು ಬಾದಾಮಿಗೆ ಹೋದ ಮಕ್ಕಳು ಇಂದು ಗುಹೆಯ ಮುಂದೆ ನಿಂತು ಫೋಟೋ ತೆಗೆಸಿಕೊಂಡು ಬಸ್ಸು ಹತ್ತುತ್ತಾರೆ. ಮೊದಲನೆಯ ಗುಹೆಯ ಬಳಿ ಕುಣಿಯುವ ಶಿವನಿಗೆ ಹದಿನೆಂಟು ಕೈಗಳಿವೆ. ಒಂದು ಹಾಳೆ, ಒಂದು ಪೆನ್ಸಿಲು ಕೊಟ್ಟು, ರಬ್ಬರನ್ನು ಮಾತ್ರ ಕಸಿದುಕೊಂಡು, ಅರ್ಧ ಗಂಟೆ ಅಲ್ಲಿ ಕೂಡಿಸಿರಿ. ಎಲ್ಲ ಕೈಗಳನ್ನೂ ಯಾವ ಮಗುವೂ ಸರಿಯಾಗಿ ಬರೆಯಲಾರದು. ಆದರೆ ಆ ಅರ್ಧ ಗಂಟೆಯಲ್ಲಿ ಅದು ನೋಡಿದಷ್ಟನ್ನು ಫೋಟೋ ತೆಗೆಸಿಕೊಂಡವರು ಆಯುಷ್ಯದಲ್ಲಿ ನೋಡುವುದಿಲ್ಲ. ಕ್ರಿ.ಶ. 578ರ ಶಾಸನವಿರುವ ಮೂರನೆಯ ಗುಹೆಯಲ್ಲಿ ಹಳೆಯ ವರ್ಣಚಿತ್ರಗಳ ಅವಶೇಷಗಳು ಉಳಿದಿವೆ. ಸುಮಾರು ಒಂದೂವರೆ ಸಾವಿರ ವರ್ಷದ ಹಿಂದೆ ನಮ್ಮ ನೆಲದಲ್ಲಿಯೇ ಒಬ್ಬರು ಕುಂಚ ಹಿಡಿದು ನಿಂತಿದ್ದರೆಂಬುದನ್ನು ಮಗು ತಲೆಯೆತ್ತಿ ಕಾಣಲಿ.

ಅಷ್ಟು ದೂರವೂ ಹೋಗಬೇಕಾಗಿಲ್ಲ. ನಮ್ಮ ತಾಲ್ಲೂಕಿನ ಚಿಕ್ಕಪಡಸಲಗಿಯಲ್ಲಿ ರೈತರು ಸರಕಾರದ ದಾರಿ ಕಾಯದೆ ತಾವೇ ಹಣ ಹಾಕಿ, ತಾವೇ ದುಡಿದು 1989ರಲ್ಲಿ ಕೃಷ್ಣೆಗೆ ಬ್ಯಾರೇಜು ಕಟ್ಟಿದರು. ಶಾಲೆಯ ಅಂಗಳದಲ್ಲಿ ಇಟ್ಟಂಗಿಯ ಚೂರು, ಮಣ್ಣು, ಕಟ್ಟಿಗೆಯ ಪಟ್ಟಿಗಳಿಂದ ಅದರ ಮಾದರಿ ಕಟ್ಟಿ, ಎರಡು ಕೊಡ ನೀರು ಸುರಿದು, ಎಲ್ಲಿ ಸೋರುತ್ತದೆಂದು ಹುಡುಕುವ ಮಕ್ಕಳ ಗುಂಪನ್ನು ಎಣಿಸಿಕೊಳ್ಳಿರಿ. ಅಂಗಡಿಯಿಂದ ತಂದ ಥರ್ಮೋಕೋಲಿನ ಮೇಲೆ ನೀಲಿ ಬಣ್ಣ ಬಳಿದ ನದಿಯಲ್ಲಿ ಸೋರುವ ಪ್ರಶ್ನೆಯೇ ಏಳುವುದಿಲ್ಲ. ಅಂದಹಾಗೆ, 2022ರ ಜುಲೈ 1ರಿಂದ ದೇಶದಲ್ಲಿ ನಿಷೇಧಿಸಲಾದ ಏಕಬಳಕೆಯ ಪ್ಲಾಸ್ಟಿಕ್ ವಸ್ತುಗಳ ಪಟ್ಟಿಯಲ್ಲಿ ಅಲಂಕಾರದ ಥರ್ಮೋಕೋಲೂ ಸೇರಿದೆ. ಹಾಗಿದ್ದೂ ಪರಿಸರ ರಕ್ಷಣೆಯ ಮಾದರಿಯನ್ನು ಥರ್ಮೋಕೋಲಿನಲ್ಲಿ ಮಾಡಿ ಬಹುಮಾನ ಪಡೆದವರನ್ನು ನಾನು ಕಣ್ಣಾರೆ ಕಂಡಿದ್ದೇನೆ.

ಇದಕ್ಕೆಲ್ಲ ಶಿಕ್ಷಕ ಮಿತ್ರರು ಹೇಳುವ ಆಕ್ಷೇಪಣೆಗಳನ್ನು ನಾನು ಬಲ್ಲೆ. ಮೊದಲನೆಯದು, ಪಠ್ಯ ಮುಗಿಸಲು ಹೊತ್ತು ಸಾಲದು ಎಂಬುದು. ಮಣ್ಣಿನ ಬಿರುಕು ವಿಜ್ಞಾನವಾದರೆ, ಕಸೂತಿ ಗಣಿತವಾದರೆ, ಬಾದಾಮಿ ಇತಿಹಾಸವಾದರೆ, ಪಠ್ಯದ ಹೊತ್ತು ಎಲ್ಲಿ ಹಾಳಾಯಿತು? ಕೈಕೆಲಸವನ್ನೇ ಶಿಕ್ಷಣದ ನಡುವೆ ಇಡಬೇಕೆಂದು 1937ರಲ್ಲಿಯೇ ವಾರ್ಧಾದಲ್ಲಿ ಗಾಂಧೀಜಿ ಹೇಳಿದ್ದರು. ಸೇವಾಗ್ರಾಮದಲ್ಲಿ ಮಕ್ಕಳಿಗೆ ಕಲೆ ಕಲಿಸಿದ ದೇವಿ ಪ್ರಸಾದರು, ಕಲೆಯು ಶಿಕ್ಷಣದ ಅಡಿಪಾಯವೇ ಹೊರತು ಬದಿಗಿಡುವ ವಿಷಯವಲ್ಲ ಎಂಬುದನ್ನು ಗ್ರಂಥವಾಗಿಯೇ ಬರೆದರು. 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಹತ್ತನೆಯ ತರಗತಿಯವರೆಗೆ ಕಲೆ ಕಡ್ಡಾಯವಾಗಿರಲಿ ಎಂದಿತು. 2020ರ ಶಿಕ್ಷಣ ನೀತಿಯೂ ಕಲೆಯನ್ನು ಇತರ ವಿಷಯಗಳೊಂದಿಗೆ ಬೆಸೆಯಬೇಕೆನ್ನುತ್ತದೆ. ಹೇಳಿದವರಿಗೆ ಕೊರತೆಯಿಲ್ಲ, ಆಗಬೇಕಾದದ್ದು ತರಗತಿಯೊಳಗೆ.

ಎರಡನೆಯ ಆಕ್ಷೇಪಣೆ, ನಮಗೆ ಚಿತ್ರಕಲೆ ಬರುವುದಿಲ್ಲ ಎಂಬುದು. ಇದರಲ್ಲಿ ಸತ್ಯಾಂಶವಿದೆ. ಚಿತ್ರಕಲಾ ಶಿಕ್ಷಕರು ಸಾಮಾನ್ಯವಾಗಿ ಪ್ರೌಢಶಾಲೆಗಳಲ್ಲಿ ಸಿಗುತ್ತಾರೆ, ಹಿರಿಯ ಪ್ರಾಥಮಿಕ ಶಾಲೆಗಳಲ್ಲಿ ಅಪರೂಪ. 2009ರ ಶಿಕ್ಷಣ ಹಕ್ಕು ಕಾಯಿದೆಯ ಅನುಸೂಚಿಯಲ್ಲಿ, ಆರರಿಂದ ಎಂಟನೆಯ ತರಗತಿಗಳಲ್ಲಿ ನೂರಕ್ಕಿಂತ ಹೆಚ್ಚು ಮಕ್ಕಳಿರುವ ಶಾಲೆಗೆ ಕಲಾ ಶಿಕ್ಷಣಕ್ಕೆಂದು ಅರೆಕಾಲಿಕ ಬೋಧಕರು ಇರಬೇಕೆಂದು ಬರೆದಿದೆ. ಶಾಲಾಭಿವೃದ್ಧಿ ಸಮಿತಿಗಳಲ್ಲಿರುವ ನನ್ನ ವಿದ್ಯಾರ್ಥಿಗಳು ಈ ಸಾಲನ್ನು ಓದಿಕೊಂಡು ಕೇಳುವ ಧೈರ್ಯ ಮಾಡಬೇಕು. ನಮ್ಮ ವಯಸ್ಸಿಗೆ ಮಕ್ಕಳು ಸೊಟ್ಟ ಗೆರೆಯಿಂದ ಹಿಂಜರಿಯುವ ಹಂತವೇ ನಿರ್ಣಾಯಕ ಎಂದಾದರೆ, ಕಲಿಸುವವರು ಪ್ರೌಢಶಾಲೆಯಲ್ಲಿ ಸಿಕ್ಕರೆ ತಡವಾದಂತೆಯೇ. ಅಲ್ಲಿಯವರೆಗೆ ಊರಿನ ಕುಂಬಾರರು, ಕಸೂತಿ ಬಲ್ಲ ತಾಯಂದಿರು, ತಾಬೂತು ಕಟ್ಟುವವರು ಇದ್ದಾರೆ. ಅವರನ್ನು ಗೌರವದಿಂದ ಶಾಲೆಗೆ ಕರೆದು ಕುರ್ಚಿ ಹಾಕಿ ಕೂಡಿಸಿರಿ. ತನ್ನ ಅವ್ವ ಶಾಲೆಯಲ್ಲಿ ಪಾಠ ಹೇಳಿದ್ದನ್ನು ಕಂಡ ಮಗುವಿನ ಮುಖ ಹೇಗಿರುತ್ತದೆಂಬುದನ್ನು ನಾನು ಬಲ್ಲೆ.

ಮೂರನೆಯದು ಅಂಕದ ಪ್ರಶ್ನೆ. ಚೆಂದಕ್ಕೆ ಅಂಕ ಕೊಡಬೇಡಿರಿ. ಚೆಂದವನ್ನು ಅಳೆಯ ಹೋದರೆ ಮತ್ತೆ ಅಪ್ಪನ ಕೈ ಒಳಗೆ ಬರುತ್ತದೆ. ಮಗುವಿಗೆ ಮೂರು ಪ್ರಶ್ನೆ ಕೇಳಿರಿ: ಇದನ್ನು ಹೇಗೆ ಮಾಡಿದೆ? ಎಲ್ಲಿ ಕೆಟ್ಟಿತು, ಆಗ ಏನು ಮಾಡಿದೆ? ಮತ್ತೊಮ್ಮೆ ಮಾಡಿದರೆ ಏನನ್ನು ಬದಲಿಸುವೆ? ತಾನೇ ಮಾಡಿದ ಮಗು ತಡೆಯಿಲ್ಲದೆ ಹೇಳುತ್ತದೆ. ಮಾಡಿಸಿಕೊಂಡು ಬಂದ ಮಗು ನೆಲ ನೋಡುತ್ತದೆ. ಇದಕ್ಕಿಂತ ಸರಳವಾದ ಪರೀಕ್ಷೆ ನನಗೆ ತಿಳಿದಿಲ್ಲ.

ಇನ್ನು ನಿಮಗೆ, ನನ್ನ ಮಕ್ಕಳಂತಿರುವ ನಿಮಗೆ, ಒಂದು ಮಾತು. ನಿಮ್ಮಲ್ಲಿ ಹಲವರು ಈಗ ತಂದೆತಾಯಿಗಳು. ಬೆಂಗಳೂರು, ಪುಣೆಗಳಲ್ಲಿ ಇರುವವರೂ ಇದ್ದೀರಿ. ಮುಂದಿನ ಸಲ ನಿಮ್ಮ ಮಗು ಪ್ರಾಜೆಕ್ಟು ತಂದಾಗ ಪಕ್ಕದಲ್ಲಿ ಕುಳಿತುಕೊಳ್ಳಿರಿ, ಮಾತನಾಡಿಸಿರಿ, ಕೇಳಿದ್ದನ್ನು ಎತ್ತಿ ಕೊಡಿರಿ. ಕತ್ತರಿಯನ್ನು ಮಾತ್ರ ನೀವು ಹಿಡಿಯಬೇಡಿರಿ. ಸೊಟ್ಟಗಿದ್ದರೂ ಹಾಗೆಯೇ ಕಳಿಸಿರಿ. ಅಂಕ ಕಡಿಮೆ ಬಂದರೆ ಶಾಲೆಗೆ ಹೋಗಿ, ‘ಇದು ನನ್ನ ಮಗಳೇ ಮಾಡಿದ್ದು, ಅವಳನ್ನೇ ಕೇಳಿರಿ’ ಎಂದು ವಿನಯದಿಂದ ಹೇಳಿರಿ.

ನಿಮ್ಮಲ್ಲಿ ಶಿಕ್ಷಕರಾದವರು ಬರುವ ಜ್ಯೇಷ್ಠದ ಅಮಾವಾಸ್ಯೆಗೆ ಎರಡು ದಿನ ಮುಂಚೆ ಒಂದು ಬುಟ್ಟಿ ಮಣ್ಣು ತರಿಸಿ, ತರಗತಿಯ ಬಾಗಿಲಿನಲ್ಲಿ ಸುರಿಸಿರಿ. ಉಳಿದದ್ದನ್ನು ಮಕ್ಕಳು ನೋಡಿಕೊಳ್ಳುತ್ತಾರೆ. ಅವರು ಮಾಡಿದ ಎತ್ತುಗಳಲ್ಲಿ ಎಷ್ಟು ನಿಂತವು, ಎಷ್ಟು ಕುಂಟಿದವು ಎಂಬುದನ್ನು ನನಗೆ ಬರೆದು ತಿಳಿಸಿರಿ.